ಸೋಮಾರಿ ಯಾರು?



ಈ ಪಾಠದಲ್ಲಿ ನಾವು ಒಂದೇ ಒಂದು ಮಾತನ್ನು ಹಿಡಿದು ಕೂರೋಣ. ಆ ಮಾತು 'ಸೋಮಾರಿ'. ಬರೆಯೋಕೆ ಸುಲಭ. ಸೋ-ಮಾ-ರಿ. ಒತ್ತಕ್ಷರ ಇಲ್ಲ. ಅನ್ನೋದಕ್ಕೂ ಸುಲಭ. ಅತ್ತೆ ಸೊಸೆಗೆ ಅಂತಾಳೆ. ಅಪ್ಪ ಮಗನಿಗೆ ಅಂತಾನೆ. ಬಸ್ಸಿನಲ್ಲಿ ಹೋಗೋ ಪೇಟೆಯವರು ಅರಳಿಕಟ್ಟೆ ಮೇಲೆ ಕೂತ ಜನರನ್ನು ನೋಡಿ, "ಹಳ್ಳಿಯವರೇ ಹೀಗೆ, ಸೋಮಾರಿಗಳು" ಅಂದು ಮುಂದೆ ಹೋಗ್ತಾರೆ.

ಇದಕ್ಕೆ ಇನ್ನೊಂದು ಮಾತೂ ಇದೆ. ಮೈಗಳ್ಳ. ಮೈಯನ್ನು ಕದ್ದು ಇಟ್ಟುಕೊಂಡವನು. ಇದು ನಮಗೆ ಇಷ್ಟವಾದ ಮಾತು. ಯಾಕೆ ಅಂದರೆ, ಮೈಯಲ್ಲಿ ಶಕ್ತಿ ಇದ್ದರೆ ತಾನೇ ಕದಿಯೋದು? ಇಲ್ಲದ್ದನ್ನು ಯಾರೂ ಕದಿಯೋಕೆ ಆಗಲ್ಲ.

ಹಾಗಾದರೆ ನಿಜವಾದ ಸೋಮಾರಿ ಯಾರು? ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದವರಿದ್ದಾರೆ. ಬೈಬಲ್ಲಿನಲ್ಲಿ 'ಜ್ಞಾನೋಕ್ತಿಗಳು' ಎಂಬ ಒಂದು ಭಾಗ ಇದೆ. ಅದರಲ್ಲಿ 31 ಅಧ್ಯಾಯಗಳಿವೆ. ಅದರಲ್ಲಿರುವ ಬಹಳಷ್ಟು ಮಾತು ಸೊಲೊಮೋನ ಎಂಬ ರಾಜನದು ಅಂತ ಹೇಳ್ತಾರೆ. ಇದು ಕನ್ನಡಕ್ಕೆ ಬಂದದ್ದು ನಮಗೆ ದೂರವಲ್ಲದ ಬಳ್ಳಾರಿಯಿಂದ. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಎಷ್ಟು ವರ್ಷ ಆಯ್ತು, ಕಳೆದು ನೋಡಿ. ಆ ಮನುಷ್ಯನಿಗೂ ಅ, ಆ, ಇ, ಈ ದೊಡ್ಡವರಾದ ಮೇಲೇ ಬಂದದ್ದು. ನಮ್ಮ ಹಾಗೆಯೇ.

ಆ ಪುಸ್ತಕ ಯಾವ ಧರ್ಮದವರದು ಎಂಬ ಮಾತು ಇಲ್ಲಿ ಬೇಡ. ಅದರಲ್ಲಿ ಹೊಲ ಇದೆ, ಬದು ಇದೆ, ಸುಗ್ಗಿ ಇದೆ. ಅದು ನಮಗೆ ಸಾಕು.

ಸೊಲೊಮೋನ ಸೋಮಾರಿಗೆ ಗುರುವಾಗಿ ತೋರಿಸಿದ್ದು ಇರುವೆಯನ್ನು. ಇರುವೆಗೆ ಮೇಸ್ತ್ರಿ ಇಲ್ಲ. ಹಾಜರಿ ಪುಸ್ತಕ ಇಲ್ಲ. ಆದರೂ ಸುಗ್ಗಿ ಕಾಲದಲ್ಲಿ ಕಾಳು ಕೂಡಿಸುತ್ತದೆ. ನಮ್ಮ ಬಯಲಿನಲ್ಲೂ ಕಾಳು ಹೊರುವ ಇರುವೆ ಇವೆ. ಗೂಡಿನ ಬಾಯಿ ಹತ್ತಿರ ಹೊಟ್ಟು ಸುತ್ತಲೂ ಬಿದ್ದಿರುತ್ತೆ. ನೀವೂ ನೋಡಿರ್ತೀರಿ. ಕಾಳು ಒಳಗೆ, ಹೊಟ್ಟು ಹೊರಗೆ. ನಮ್ಮ ಕಣದ ಹಾಗೆಯೇ.

ಇಲ್ಲಿ ಒಂದು ಸಂಗತಿ ಗಮನಿಸಿ. ಇರುವೆ ಹಗಲು ರಾತ್ರಿ ದುಡಿಯುತ್ತದೆ ಅಂತ ಸೊಲೊಮೋನ ಹೇಳಲಿಲ್ಲ. ಕಾಲ ಅರಿತು ದುಡಿಯುತ್ತದೆ ಅಂದ. ಎರಡೂ ಬೇರೆ ಬೇರೆ. ಇದಕ್ಕೆ ನಮ್ಮಲ್ಲಿ ಒಳ್ಳೇ ಮಾತಿದೆ. ಹದ.

ಜಗಳೂರು ತಾಲೂಕು ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತು, ಮಳೆ ಬದಲಾಗಲಿಲ್ಲ. ನಮ್ಮ ಹೆಚ್ಚಿನ ಹೊಲ ಮುಗಿಲು ನೋಡಿಕೊಂಡೇ ಇರುವ ಹೊಲ. ಜೋಳ, ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಎಲ್ಲಕ್ಕೂ ಮಳೆ ಬೇಕು. ಮಳೆ ಬಿದ್ದ ಮೇಲೆ ನೆಲಕ್ಕೆ ಹದ ಬರುತ್ತದೆ. ಕೆಂಪು ನೆಲದಲ್ಲಿ ಹದ ಎರಡು ಮೂರು ದಿನ. ಕಪ್ಪು ನೆಲದಲ್ಲಿ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಕೂರಿಗೆ ಹೂಡಬೇಕು. ಆ ಮೂರು ದಿನ ಮಲಗಿ, ನಾಲ್ಕನೇ ದಿನದಿಂದ ಮೂರು ತಿಂಗಳು ಮೈ ಮುರಿದು ದುಡಿದರೂ ಪೈರು ಮೇಲೆ ಏಳಲ್ಲ.

ಸೊಲೊಮೋನನ ನಾಡಿನಲ್ಲಿ ಮಳೆ ಬರೋದು ಚಳಿಗಾಲದಲ್ಲಿ. ಉಳೋದೂ ಆಗಲೇ. ಅಲ್ಲಿಯ ಸೋಮಾರಿ "ಅಯ್ಯೋ, ಚಳಿ" ಅಂತ ಮನೇಲಿ ಕೂತ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಕೈ ಚಾಚಿಕೊಂಡು ಹೋದ. ಇನ್ನೊಬ್ಬ ಸೋಮಾರಿ ಮನೆ ಬಿಟ್ಟು ಹೊರಡೋದೇ ಇಲ್ಲ. ಕೇಳಿದರೆ, ಬೀದಿಯಲ್ಲಿ ಸಿಂಹ ಇದೆ ಅಂತಾನೆ! ನಮ್ಮ ಕಡೆ ಸಿಂಹ ಇಲ್ಲ. ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಇದೆ. ನಾಲ್ಕು ಕೊಂಬಿನ ಸಣ್ಣ ಪ್ರಾಣಿ. ಅದನ್ನು ಉಳಿಸೋಕೆ ಅಂತಲೇ 2011ರಲ್ಲಿ ಅಲ್ಲಿ ಅಭಯಾರಣ್ಯ ಮಾಡಿದರು. ಕೊಂಡುಕುರಿಗೆ ಹೆದರಿ ಹೊಲಕ್ಕೆ ಹೋಗಲಿಲ್ಲ ಅಂದರೆ ಯಾರು ನಂಬ್ತಾರೆ? ಅದಕ್ಕೇ ನಾವು ಬೇರೆ ಸಿಂಹ ಹುಡುಕಿಕೊಳ್ತೀವಿ. "ಇವತ್ತು ಅಮಾವಾಸ್ಯೆ." "ಪಂಚಾಯ್ತಿ ಹತ್ರ ಸ್ವಲ್ಪ ಕೆಲಸ ಐತೆ." "ನಾಳೆ ನೋಡೋಣ ತಗಳ್ರಿ." ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಒಂದು ಸಲ ಸೊಲೊಮೋನ ಒಬ್ಬ ಸೋಮಾರಿಯ ತೋಟದ ಪಕ್ಕ ನಡೆದು ಹೋದನಂತೆ. ತುಂಬಾ ಮುಳ್ಳು, ಕಳೆ. ಕಲ್ಲಿನ ಗೋಡೆ ಬಿದ್ದಿತ್ತು. ಅವನು ನಿಂತು ನೋಡಿದ, ಪಾಠ ಕಲಿತ. ನಾವೂ ಹೀಗೆ ನಿಂತು ನೋಡಬೇಕಾದ ಜಾಗ ನಮ್ಮ ಬದು. ಬೇಸಿಗೆಯಲ್ಲಿ ಬದುವಿನಲ್ಲಿ ಒಂದು ಇಲಿ ಬಿಲ ಕಾಣುತ್ತೆ. ಎರಡು ಪುಟ್ಟಿ ಮಣ್ಣು ಹಾಕಿ ತುಳಿದರೆ ಕೆಲಸ ಮುಗೀತು. ಅರ್ಧ ಗಂಟೆ. "ಆಮೇಲೆ" ಅಂದೆವು ಅನ್ನಿ. ಮೊದಲ ದೊಡ್ಡ ಮಳೆಗೆ ನೀರು ಆ ಬಿಲ ಹಿಡಿಯುತ್ತೆ. ಬಿಲ ಕಂಡಿ ಆಗುತ್ತೆ. ಕಂಡಿಯಿಂದ ಮೇಲ್ಮಣ್ಣು ಹಳ್ಳ ಸೇರುತ್ತೆ. ಗೊಬ್ಬರ ಹಾಕಿದ ಮಣ್ಣು ಅದೇ. ನಿಲ್ಲಬೇಕಾದ ನೀರೂ ಹೋಯ್ತು. ಮಳೆ ಕಡಿಮೆ ಇರೋ ಊರಿನಲ್ಲಿ ಇದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ. ಈಗ ಅದೇ ಬದು ಕಟ್ಟೋಕೆ ನಾಲ್ಕು ಆಳು, ಎರಡು ದಿನ.

ಸೋಮಾರಿತನ ಒಳ್ಳೆಯ ಬಟ್ಟೆ ಹಾಕಿಕೊಂಡೂ ಬರುತ್ತದೆ. ನಮ್ಮ ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆ ಗೊತ್ತಿರಬಹುದು. 12ನೇ ಶತಮಾನ. ಬಸವಣ್ಣನವರ ಕಾಲದ ಕಲ್ಯಾಣ. ಅವರ ಗಂಡ ಮಾರಯ್ಯನವರ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು. ಒಂದು ದಿನ ಅವರು ಶರಣರ ಮಾತು ಕೇಳ್ತಾ ಮೈಮರೆತು ಕೂತರಂತೆ. ಅದು ಹರಟೆ ಅಲ್ಲ, ಜ್ಞಾನದ ಮಾತು. ಆದರೂ ಲಕ್ಕಮ್ಮ, ಕಾಯಕ ನಿಂತಿದೆ, ಏಳಿ ಅಂದರು. ಇನ್ನೊಂದು ದಿನ ಮಾರಯ್ಯನವರು ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಹೆಚ್ಚಿನದನ್ನು ಇದ್ದ ಕಡೆಯೇ ಸುರಿದು ಬನ್ನಿ ಅಂತ ಕಳಿಸಿದರು. ನೋಡಿ, ಆ ತಾಯಿಗೆ ಕಡಿಮೆಯೂ ಆಗಬಾರದು, ಅತಿಯೂ ಆಗಬಾರದು.

ಈಗ ಮುಖ್ಯವಾದ ಮಾತಿಗೆ ಬರೋಣ. ಸುಮ್ಮನೆ ಕೂತವರೆಲ್ಲ ಸೋಮಾರಿಗಳಾ?

ಬೈಬಲ್ಲಿನಲ್ಲೇ ಇನ್ನೊಂದು ಕಥೆ ಇದೆ. ಯೇಸು ಹೇಳಿದ ಕಥೆ. ಒಬ್ಬ ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆಯೇ ಪೇಟೆಗೆ ಹೋಗಿ ಕೂಲಿಯವರನ್ನು ಕರೆದುಕೊಂಡು ಬಂದ. ಆಮೇಲೆ ಮತ್ತೆ ಮತ್ತೆ ಹೋದ. ಕೊನೆಗೆ ಸಂಜೆ ಐದರ ಹೊತ್ತಿಗೆ ಹೋದಾಗಲೂ ಕೆಲವರು ನಿಂತಿದ್ದರು. ಯಾಕೆ ದಿನವೆಲ್ಲ ಸುಮ್ಮನೆ ನಿಂತಿದ್ದೀರಿ ಅಂತ ಕೇಳಿದ. ಅವರು, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅಂದರು. ಯಜಮಾನ ಅವರನ್ನು ಬೈಯಲಿಲ್ಲ. ಕೆಲಸ ಕೊಟ್ಟ. ಒಂದೇ ತಾಸು ದುಡಿದರೂ ಇಡೀ ದಿನದ ಕೂಲಿ ಕೊಟ್ಟ. ಸೋಮಾರಿಯನ್ನು ಇರುವೆಯ ಹತ್ತಿರ ಕಳಿಸಿದ ಪುಸ್ತಕವೇ ಇವರನ್ನು ಸೋಮಾರಿ ಅನ್ನಲಿಲ್ಲ. ಈ ವ್ಯತ್ಯಾಸ ತಿಳಿಯದೆ ಬೈಯೋದು ತಪ್ಪು ಅಂತ ನಮಗೆ ಅನಿಸುತ್ತದೆ.

ನಮ್ಮ ಅರಳಿಕಟ್ಟೆ ಮೇಲೆ ಬರಗಾಲದಲ್ಲಿ ಕೂತವರಲ್ಲಿ ಇಂಥವರು ಎಷ್ಟು ಜನ! ಎತ್ತು ಇಲ್ಲದವನು, ಇದ್ದವರ ಬಿತ್ತನೆ ಮುಗಿಯಲಿ ಅಂತ ಕಾಯ್ತಾನೆ. ಅವನ ಹದ ಹೋಗುತ್ತೆ. ಅದು ಸೋಮಾರಿತನ ಅಲ್ಲ. ಇಂಥವರಿಗಾಗಿಯೇ 2005ರಲ್ಲಿ ಉದ್ಯೋಗ ಖಾತರಿ ಕಾಯಿದೆ ಬಂತು. ಹಳ್ಳಿಯ ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ ಅಂತ ಮಾಡಿದರು. ಆದರೆ ಬಾಯಲ್ಲಿ ಕೇಳಿದರೆ ಸಾಲದು. ನಮೂನೆ 6ರಲ್ಲಿ ಬರೆದು ಕೊಟ್ಟು, ತಾರೀಕು ಹಾಕಿದ ರಸೀದಿ ಪಡೆಯಬೇಕಿತ್ತು. 15 ದಿನದೊಳಗೆ ಕೆಲಸ ಸಿಗದಿದ್ದರೆ ಭತ್ಯೆ ಕೇಳೋಕೆ ಆ ತಾರೀಕೇ ಆಧಾರ. ಯೋಜನೆಯ ಹೆಸರು, ದಿನದ ಲೆಕ್ಕ ಬದಲಾಗಬಹುದು. ಬರೆದು ಕೇಳೋದು, ರಸೀದಿ ಇಸ್ಕೊಂಡು ಓದೋದು ಬದಲಾಗಲ್ಲ.

ಮೈಯಲ್ಲಿ ಆಗದವರ ಮಾತು ಬೇರೆ. ನಮ್ಮ ತಾಲೂಕಿನ ಕೆಲವು ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಲೆ ಬರುತ್ತೆ. ಇನ್ನೂ ಹೆಚ್ಚಿದ್ದರೆ ಕೀಲು ಬಿಗಿಯುತ್ತದೆ. ಬಗ್ಗೋಕೆ ಆಗಲ್ಲ. ಬಗ್ಗಿ ಕಳೆ ಕೀಳದವನನ್ನು ಮೈಗಳ್ಳ ಅನ್ನೋ ಮೊದಲು ಅವನು ಕುಡಿಯೋ ನೀರು ಯಾವುದು ಅಂತ ಕೇಳಬೇಕು. ಹಾಗೆಯೇ ರಕ್ತ ಕಡಿಮೆ ಇರೋ ಹೆಂಗಸರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ ಕಂಡಿತು. ನೀರು ಹೊತ್ತು ತಂದು ಕೊಡ ಇಳಿಸಿ, ಗೋಡೆಗೆ ಒರಗಿ ಉಸಿರು ಬಿಡೋ ಸೊಸೆಗೆ ಬೇಕಾದ್ದು ಬೈಗುಳ ಅಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಕಬ್ಬಿಣಾಂಶದ ಮಾತ್ರೆ, ಎರಡು ಹೊತ್ತು ಸೊಪ್ಪಿನ ಸಾರು.

ಇರುವೆಯ ವಿಷಯದಲ್ಲೂ ಒಂದು ತಮಾಷೆ ಇದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಇರುವೆ ಗೂಡುಗಳನ್ನು ಕೂತು ನೋಡಿದರು. ಅದರ ವರದಿ 2017ರಲ್ಲಿ ಬಂತು. ಗೂಡಿನಲ್ಲಿ ಎಷ್ಟೋ ಇರುವೆ ಹೆಚ್ಚು ಹೊತ್ತು ಸುಮ್ಮನೆ ಇದ್ದವು! ತುಂಬಾ ದುಡಿಯುವ ಇರುವೆಗಳನ್ನು ತೆಗೆದು ನೋಡಿದಾಗ, ಸುಮ್ಮನೆ ಇದ್ದವೇ ಎದ್ದು ಆ ಕೆಲಸ ಹಿಡಿದವು. ಸೊಲೊಮೋನನಿಗೆ ಇದು ತಿಳಿದಿದ್ದರೆ ನಕ್ಕುಬಿಡುತ್ತಿದ್ದನೋ ಏನೋ.

ರಾತ್ರಿ ಕಲಿಕಾ ಕೇಂದ್ರದಲ್ಲಿ ನಾವು ಇದನ್ನೇ ನೋಡ್ತೀವಿ. ಹಗಲೆಲ್ಲ ಈರುಳ್ಳಿ ಕಿತ್ತು, ಮನೇಲಿ ಮುದ್ದೆ ಮಾಡಿ ಇಟ್ಟು, ಸ್ಲೇಟು ಹಿಡಿದ ಹೊತ್ತಿಗೆ ತೂಕಡಿಸುವ ಅಕ್ಕಂದಿರಿದ್ದಾರೆ. ಅವರನ್ನು ನಾವು ಎಬ್ಬಿಸೋದಿಲ್ಲ. ಹತ್ತು ನಿಮಿಷ ಬಿಟ್ಟು ತಾವೇ ಕಣ್ಣು ಬಿಟ್ಟು, ಹೆಸರು ಬರೆದು, ಮನೆಗೆ ಹೋಗ್ತಾರೆ. ಅದೇ ಹೊತ್ತಿಗೆ ಕಟ್ಟೆ ಮೇಲೆ ಇಸ್ಪೀಟು ಹಿಡಿದವರು, "ಟೈಮೇ ಇಲ್ಲ ಮೇಷ್ಟ್ರೇ, ನಾಳೆ ಬರ್ತೀವಿ" ಅಂತಾರೆ. ಅವರ ಸಿಂಹ ಯಾವುದು, ನೀವೇ ಹೇಳಿ.

ಓದಿ, ಮಾತಾಡಿ, ಬರೆಯಿರಿ

ಮೈಗಳ್ಳ, ಹದ, ಬದು, ಕಂಡಿ, ರಸೀದಿ. ಈ ಐದು ಮಾತನ್ನು ಎರಡೆರಡು ಸಲ ಬರೆಯಿರಿ.

ನಿಮ್ಮ ಮನೆಯಲ್ಲಿ 'ಸೋಮಾರಿ' ಅಂತ ಯಾರಿಗೆ ಅಂತಾರೆ? ಅವರಿಗೆ ಕೆಲಸ ಸಿಗಲಿಲ್ಲವೋ, ಮೈಯಲ್ಲಿ ಆಗದೋ, ಮನಸ್ಸೇ ಇಲ್ಲವೋ? ಗುಂಪಿನಲ್ಲಿ ಮಾತಾಡಿ. ಹೆಸರು ಎತ್ತಬೇಡಿ.

ನಿಮ್ಮ ಹೊಲದ ಬದು ಸುತ್ತಿ ಬನ್ನಿ. ಎಲ್ಲಿ ಬಿಲ ಇದೆ, ಎಷ್ಟು ಪುಟ್ಟಿ ಮಣ್ಣು ಬೇಕು, ಯಾವ ದಿನ ಹಾಕ್ತೀರಿ, ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಕೆಳಗೆ ನಿಮ್ಮ ಸಹಿ ಹಾಕಿ.