ಜಂತಿಗೆ ತೂಗುಹಾಕುವ ಸೌತೆಯಲ್ಲ

ಕುಮಟೆಯ ನಮ್ಮ ಮನೆಯಲ್ಲಿ ಬೇಸಿಗೆಯ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಬಿಗಿದು ಜಂತಿಗೆ ತೂಗುಹಾಕುತ್ತಿದ್ದರು. ನೀರಿಲ್ಲ, ಗೊಬ್ಬರವಿಲ್ಲ, ಅವುಗಳ ಕಡೆ ಯಾರೂ ತಿರುಗಿ ನೋಡುತ್ತಲೂ ಇರಲಿಲ್ಲ. ಆದರೂ ಮಳೆಗಾಲವೆಲ್ಲ ಹುಳಿಗೂ ದೋಸೆಗೂ ಒದಗುತ್ತಿದ್ದವು. ಮೊನ್ನೆ ನೀನು ಫೋನಿನಲ್ಲಿ, "ಮಾವ, ಅಂಗಡಿಯಲ್ಲಿ ಕಡಲಸೌತೆ ನೋಡಿ ಬಂದೆ, ಮೀನಿನ ಟ್ಯಾಂಕಿಗೆ ಬಿಟ್ಟರೆ ಮರಳನ್ನು ತಾನೇ ಗುಡಿಸಿಕೊಂಡು ಇರುತ್ತದಂತೆ" ಎಂದಾಗ ನನಗೆ ಆ ಜಂತಿಯೇ ಕಣ್ಣಿಗೆ ಬಂತು. ಮಾಣಿ, ಇದು ಆ ಜಾತಿಯ ಸೌತೆಯಲ್ಲ.

ಇದು ನಕ್ಷತ್ರಮೀನಿನ ನೆಂಟ. ಮಿದುಳಿಲ್ಲ, ಬಾಯಿಯ ಸುತ್ತ ನರದ ಒಂದು ಬಳೆ ಅಷ್ಟೇ. ಉಸಿರಾಡುವುದು ಹಿಂಬದಿಯಿಂದ. ಹವಳದ ದಿಬ್ಬಗಳಲ್ಲಿ ಒಂದು ಬಗೆಯ ತೆಳ್ಳನೆಯ ಮೀನು ಅದೇ ಬಾಗಿಲಿನಿಂದ ಒಳಹೊಕ್ಕು ಸಂಸಾರ ಹೂಡುವುದೂ ಉಂಟು. ಇದನ್ನು ಕೇಳಿದ ನಿನ್ನ ಅತ್ತೆ ಎರಡು ದಿನ ನನ್ನ ಟ್ಯಾಂಕಿನ ಕಡೆ ಸುಳಿಯಲಿಲ್ಲ.

ಅಂಗಡಿಯವ ಹೇಳಿದ್ದು ಸುಳ್ಳೇನಲ್ಲ. ತೋಟದಲ್ಲಿ ಎರೆಹುಳು ಮಾಡುವ ಕೆಲಸವನ್ನೇ ಇದು ಮರಳಿನಲ್ಲಿ ಮಾಡುತ್ತದೆ. ಮರಳನ್ನು ಬಾಯಿಗೆ ತುಂಬಿಕೊಂಡು, ಅದಕ್ಕೆ ಅಂಟಿದ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಚೂರುಗಳನ್ನು ಜೀರ್ಣಿಸಿ, ತೊಳೆದಂಥ ಮರಳನ್ನು ಹಿಂದೆ ಬಿಡುತ್ತದೆ. ಆದರೆ ಒಂದು ಮಾತು ಅವನು ಹೇಳಲಿಲ್ಲ. ನಿನ್ನ ಕಣ್ಣಿಗೆ ಮರಳು ಚೊಕ್ಕಟವಾಯಿತು ಎಂದರೆ ಅದರ ತಟ್ಟೆ ಖಾಲಿಯಾಯಿತು ಎಂದೇ ಅರ್ಥ. ಮೂರು ತಿಂಗಳ ಹೊಸ ಟ್ಯಾಂಕಿನಲ್ಲಿ ಅದಕ್ಕೆ ತಿನ್ನಲು ಏನಿದೆ? ಒಂದು ವರ್ಷ ಕಾಯಿ. ನಯವಾದ ಮರಳು ನಾಲ್ಕೈದು ಸೆಂಟಿಮೀಟರ್ ದಪ್ಪ ಇರಲಿ. ನಿನ್ನ 75 ಗ್ಯಾಲನ್ ಟ್ಯಾಂಕಿಗೆ ಒಂದೇ ಒಂದು ಸಾಕು, ಜೋಡಿಯ ಆಸೆ ಬೇಡ.

ಹಸಿದರೆ ಇದು ಕೂಡಲೇ ಸಾಯುವುದಿಲ್ಲ, ಚಿಕ್ಕದಾಗುತ್ತದೆ. ತಿಂಗಳುಗಟ್ಟಲೆ ತನ್ನ ಮೈಯನ್ನೇ ತಾನು ತಿಂದುಕೊಂಡು ಸದ್ದಿಲ್ಲದೆ ಸಣ್ಣಗಾಗುತ್ತ ಹೋಗುತ್ತದೆ. ದಿನಾ ನೋಡುವ ಕಣ್ಣಿಗೆ ಅದು ತಿಳಿಯುವುದೂ ಇಲ್ಲ. ಅಳೆಯೋಣ ಎಂದರೆ ಮುಟ್ಟಿದೊಡನೆ ಮುದುಡಿಕೊಳ್ಳುತ್ತದೆ, ಮನಸ್ಸು ಬಂದಾಗ ಮಾರುದ್ದ ಚಾಚಿಕೊಳ್ಳುತ್ತದೆ. ನಾನು ಕಂಡುಕೊಂಡ ಉಪಾಯ ಇಷ್ಟು: ಗಾಜಿಗೆ ಹೊರಗಿನಿಂದ ಶಾಲೆಯ ಸ್ಕೇಲು ಅಂಟಿಸಿ, ತಿಂಗಳಿಗೊಂದು ವಾರ ರಾತ್ರಿ ದೀಪ ಆರಿದ ಮೇಲೆ ನೋಡುವುದು, ಆ ವಾರದ ಅತಿ ಉದ್ದದ ಅಳತೆಯನ್ನು ಬರೆದಿಡುವುದು. ಎರಡು ತಿಂಗಳು ಸತತವಾಗಿ ಇಳಿದರೆ ಮುಳುಗುವ ಗುಳಿಗೆಯನ್ನೋ ಒಣಗಿದ ನೋರಿ ಪಾಚಿಯನ್ನೋ ಪುಡಿಮಾಡಿ, ರಾತ್ರಿ ಅದರ ಮುಂದೆಯೇ ಮರಳಿಗೆ ಬೆರೆಸು.

ಕಡಲಸೇಬು ಎಂದು ಮಾರುತ್ತಾರಲ್ಲ, ನೇರಳೆ ಮೈಯ ಸುಂದರಿ, ಅದರ ಆಸೆಗೆ ಮಾತ್ರ ಬೀಳಬೇಡ. ನಾನು ಬಿದ್ದಿದ್ದೆ. ಅದೂ ಇದೇ ಕುಲದ್ದು, ಆದರೆ ಮರಳು ತಿನ್ನುವುದಿಲ್ಲ. ಹತ್ತು ಗರಿಗಳನ್ನು ನೀರಿನಲ್ಲಿ ಹರಡಿ, ತೇಲಿಬಂದ ಸೂಕ್ಷ್ಮಜೀವಿಗಳನ್ನು ಹಿಡಿದು, ಹಪ್ಪಳದ ಹಿಟ್ಟು ಮೆತ್ತಿದ ಬೆರಳನ್ನು ಮಕ್ಕಳು ಚೀಪುವ ಹಾಗೆ ಒಂದೊಂದೇ ಗರಿಯನ್ನು ಬಾಯಿಗಿಟ್ಟು ಚೀಪುತ್ತದೆ. ನೋಡುತ್ತ ಕೂತರೆ ಊಟ ಮರೆಯುತ್ತದೆ. ಮನೆಯ ನೀರಿನಲ್ಲಿ ಅದಕ್ಕೆ ಸಾಕಷ್ಟು ಆಹಾರ ಎಲ್ಲಿಂದ ಬರಬೇಕು? ತಂದಾಗ ಕಿತ್ತಳೆಯಷ್ಟಿದ್ದದ್ದು ಎಂಟು ತಿಂಗಳಲ್ಲಿ ನಿಂಬೆಯಷ್ಟಾಯಿತು. ಒಂದು ರಾತ್ರಿ ಹಿಡಿತ ತಪ್ಪಿ ಪಂಪಿನ ಬಾಯಿಗೆ ಸಿಕ್ಕಿತು. ಬೆಳಿಗ್ಗೆ ದೀಪ ಹಾಕಿದರೆ ಐದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇವುಗಳ ಮೈಯಲ್ಲಿ ಹೊಲೊಥೂರಿನ್ ಎಂಬ ನಂಜಿದೆ, ಸೀಗೆ ಅಂಟುವಾಳದ ನೊರೆಯ ಕುಲದ್ದೇ. ಅದು ಮೀನಿನ ಕಿವಿರನ್ನು ಕೆಡಿಸುತ್ತದೆ. ಪಂಪಿಗೆ ಸಿಕ್ಕೇ ಆಗಬೇಕೆಂದಿಲ್ಲ. ಬೆದರಿದರೂ, ನೀರು ಕೆಟ್ಟರೂ ಕೆಲವು ಜಾತಿಗಳು ಕರುಳನ್ನೇ ಹೊರಗೆ ಕಕ್ಕಿಬಿಡುತ್ತವೆ. ಕಡಲಿನಲ್ಲಿ ಅದು ಜೀವ ಉಳಿಸಿಕೊಳ್ಳುವ ದಾರಿ, ಕರುಳು ಮತ್ತೆ ಬೆಳೆಯುತ್ತದೆ. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಆ ನಂಜು ಹೋಗುವುದೆಲ್ಲಿಗೆ? ಅಂಥ ಹೊತ್ತಿಗೆಂದು ಸಕ್ರಿಯ ಇದ್ದಿಲು ಮತ್ತು ಒಂದಷ್ಟು ಉಪ್ಪುನೀರು ಮನೆಯಲ್ಲಿ ಸದಾ ಸಿದ್ಧವಿರಲಿ. ಮೊದಲು ಮೀನುಗಳನ್ನು ಬೇರೆ ನೀರಿಗೆ ದಾಟಿಸು, ಉಳಿದದ್ದು ಆಮೇಲೆ.

ತಂದ ದಿನ ಅವಸರ ಮಾಡಬೇಡ. ಹೊರಗಿನ ಉಪ್ಪು ಏರಿಳಿದರೆ ಇದರ ಮೈಯೊಳಗಿನದೂ ಏರಿಳಿಯುತ್ತದೆ, ತಡೆದುಕೊಳ್ಳುವ ಶಕ್ತಿ ಇದಕ್ಕಿಲ್ಲ. ಸಣ್ಣ ಕೊಳವೆಗೆ ಗಂಟು ಹಾಕಿ, ಟ್ಯಾಂಕಿನ ನೀರನ್ನು ಹನಿಹನಿಯಾಗಿ ಎರಡು ಗಂಟೆ ಬಿಡು. ತಾಮ್ರ ಸೇರಿದ ಮೀನಿನ ಔಷಧಿ ಬಳಸಿದ ಟ್ಯಾಂಕಾದರೆ ಇದರ ಯೋಚನೆಯನ್ನೇ ಬಿಡು.

ಇನ್ನೊಂದು. ಬೆಂಗಳೂರಿನ ನಿನ್ನ ಚಿಕ್ಕಪ್ಪನ ಮಗ "ನನಗೂ ಒಂದು ಬೇಕು" ಎಂದನಂತೆ. ಅವನಿಗೆ ಬೇಡ ಎಂದು ಖಡಾಖಂಡಿತ ಹೇಳು. ನೀನು ಡಲ್ಲಾಸಿನಲ್ಲಿ ಅಂಗಡಿಗೆ ಹೋಗಿ ಕೊಳ್ಳಬಹುದು, ಭಾರತದಲ್ಲಿ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಒಂದನೇ ಅನುಸೂಚಿಗೆ 2001ರಲ್ಲಿ ಕಡಲಸೌತೆಗಳನ್ನೂ ಸೇರಿಸಿದ್ದಾರೆ. ಮನ್ನಾರ್ ಕೊಲ್ಲಿಯಿಂದ, ಲಕ್ಷದ್ವೀಪದಿಂದ ಹಿಡಿದು, ಬೇಯಿಸಿ ಒಣಗಿಸಿ, ಪೂರ್ವ ಏಷ್ಯಾದ ಊಟದ ಮೇಜಿಗೆ ಕದ್ದು ಸಾಗಿಸುವ ದಂಧೆ ಅಷ್ಟು ದೊಡ್ಡದು. ಲಕ್ಷದ್ವೀಪದ ಚೆರಿಯಪಾಣಿಯಲ್ಲಿ 2020ರಲ್ಲಿ ಇವಕ್ಕೆಂದೇ 239 ಚದರ ಕಿಲೋಮೀಟರ್ ಕಡಲನ್ನು ಮೀಸಲಿಟ್ಟಿದ್ದಾರೆ. ಅವನಿಗೆ ನೋಡುವ ಆಸೆಯಿದ್ದರೆ ನಿನ್ನ ಟ್ಯಾಂಕಿನ ವಿಡಿಯೋ ಕಳಿಸು.

ನೀನೂ ಈಗಲೇ ಅಂಗಡಿಗೆ ಓಡಬೇಡ. ಪಂಪುಗಳ ಬಾಯಿಗೆಲ್ಲ ಸ್ಪಂಜು ಬಿಗಿದು, ಫೋಟೋ ತೆಗೆದು ನನಗೆ ಕಳಿಸು. ಮೂಲೆಯಲ್ಲಿರುವ ಚಿಕ್ಕ ಪಂಪನ್ನೂ ಬಿಡಬೇಡ. ನನ್ನ ಕಡಲಸೇಬು ಸಿಕ್ಕಿಕೊಂಡದ್ದು ಅಂಥದ್ದರಲ್ಲೇ.