ತೂಕ ಇಳಿಯಲಿ, ಬಲ ಉಳಿಯಲಿ

ಬಜಗೋಳಿಯ ಅಕ್ಕ-ಅಣ್ಣಂದಿರೇ, ತೂಕ ಇಳಿಸುವ ಹಟದಲ್ಲಿ ಊಟ ಬಿಡಬೇಡಿ. ಮೊದಲು ಸೊಂಟದ ಸುತ್ತಳತೆ ನೋಡಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರ ಬೇಕು.

ಕುಚ್ಚಲಕ್ಕಿ ಅನ್ನ ನಮ್ಮ ಶತ್ರುವಲ್ಲ. ಅದರ ಅಳತೆ ಮೀರುವುದೇ ತೊಂದರೆ. ತಟ್ಟೆಯ ಅರ್ಧ ಭಾಗ ಬಸಳೆ, ಹರಿವೆ, ಅಲಸಂಡೆಗಿರಲಿ. ಕಾಲು ಭಾಗ ಹೆಸರುಕಾಳಿಗೋ ಬೂತಾಯಿ, ಬಂಗುಡೆಗೋ ಇರಲಿ. ಉಳಿದ ಕಾಲು ಅನ್ನಕ್ಕೆ. ಮೀನನ್ನು ಎಣ್ಣೆಯಲ್ಲಿ ಹುರಿಯುವುದಕ್ಕಿಂತ ಸಾರು ಮಾಡುವುದೇ ಒಳ್ಳೆಯದು. ಗೋಳಿಬಜೆ ಅಪರೂಪಕ್ಕಿರಲಿ, ಚಹಾಕ್ಕೆ ಸಕ್ಕರೆ ಕಡಿಮೆಯಾಗಲಿ.

ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾಗದಿದ್ದರೆ ಜಗಲಿಯಲ್ಲೇ ನಡೆಯಿರಿ. ಕುರ್ಚಿಯಿಂದ ಹತ್ತಾರು ಬಾರಿ ಎದ್ದು ಕೂತರೆ ತೊಡೆಯ ಸ್ನಾಯುಗಳಿಗೂ ಬಲ.

ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬೇಡಿ. ರಕ್ತದ ಸಕ್ಕರೆ ಏಕಾಏಕಿ ಕುಸಿದೀತು. ಥೈರಾಯ್ಡ್ ತೊಂದರೆಯಿಂದಲೂ ತೂಕ ಏರಬಹುದು, ಪರೀಕ್ಷೆ ಮಾಡಿಸಿಕೊಳ್ಳಿ. ತೂಕ ಇಳಿಸಲು ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದನ್ನು ಯಾರದೋ ಮಾತು ಕೇಳಿ ತೆಗೆದುಕೊಳ್ಳಬೇಡಿ. ವೈದ್ಯರನ್ನೇ ಕೇಳಿ; ಕಾರ್ಕಳದ ಸರ್ಕಾರಿ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ನಮಗೆ ದೂರವಲ್ಲ.

ವರ್ಷಗಳಲ್ಲಿ ಏರಿದ ತೂಕ ವಾರದಲ್ಲಿ ಇಳಿಯದು. ಅವಸರ ಬೇಡ, ಆದರೆ ಇವತ್ತೇ ಶುರುಮಾಡಿ.