ಮೂಡಣಕ್ಕೆ ಮುಖಮಾಡಿ

ದಾರಿ ತಪ್ಪದವರು ಲೋಕದಲ್ಲಿ ಯಾರೂ ಇಲ್ಲ. ಕೆಲವರು ಕಾಡಿನಲ್ಲಿ ದಾರಿ ತಪ್ಪುತ್ತಾರೆ, ಕೆಲವರು ಪಟ್ಟಣದಲ್ಲಿ. ಇನ್ನು ಕೆಲವರು ಕುಳಿತಲ್ಲಿಯೇ ತಪ್ಪುವುದುಂಟು. ದಾರಿ ತಪ್ಪುವುದು ಅಪರಾಧವಲ್ಲ. ತಪ್ಪಿದೆಯೆಂದು ತಿಳಿದ ಮೇಲೂ ತಿಳಿದಿಲ್ಲದವರಂತೆ ನಡೆಯುತ್ತ ಹೋಗುವುದು ಮಾತ್ರ ಅಪಾಯ. ಈ ಮಾತನ್ನು ನಾನು ಪುಸ್ತಕದಿಂದ ಕಲಿತುದಲ್ಲ. ರಾಮಗಿರಿಯ ಬೆಟ್ಟದ ತಪ್ಪಲಿನಲ್ಲಿ ಒಬ್ಬ ಕುರಿಗಾಹಿಯಿಂದ ಕಲಿತೆ.

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ರಾಮಗಿರಿಯ ಆಸುಪಾಸಿನ ಒಂದು ಹಳ್ಳಿ ನಮ್ಮದು. ನನ್ನ ಸೋದರತ್ತೆಯ ಊರು ಗುಡ್ಡಸಾಲಿನ ಆಚೆ, ಪಡುವಣ ದಿಕ್ಕಿಗಿತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಆಷಾಢಮಾಸದ ಒಂದು ದಿನ, ಎಂಟು ವರ್ಷದ ತಂಗಿಯನ್ನು ಕರೆದುಕೊಂಡು ಅತ್ತೆಯ ಮನೆಯಿಂದ ಊರಿಗೆ ಹೊರಟೆ. ಗಾಡಿದಾರಿಯಲ್ಲಿ ಹೋದರೆ ಸುತ್ತು. ಗುಡ್ಡದ ನಡುವಣ ಕಾಲುದಾರಿಯಲ್ಲಿ ಹೋದರೆ ಹತ್ತಿರ. "ಸುತ್ತಾದರೂ ಗಾಡಿದಾರಿಯಲ್ಲೇ ಹೋಗು" ಎಂದು ಅತ್ತೆ ಹೇಳಿದ್ದರು. ನಾನು ಕಾಲುದಾರಿಯನ್ನೇ ಹಿಡಿದೆ.

ಅರ್ಧ ದಾರಿ ಸವೆಯುವಷ್ಟರಲ್ಲಿ ಮೋಡ ಕೆಳಗಿಳಿದು ಗುಡ್ಡವನ್ನೆಲ್ಲ ಮುಸುಕಿತು. ಜಿನುಗುಮಳೆ ಹಿಡಿಯಿತು. ಸೂರ್ಯನಿರುವ ತಾಣವೇ ತಿಳಿಯದಾಯಿತು. ದೂರದಲ್ಲಿ ರೈಲಿನ ಕೂಗು ಕೇಳಿತು; ಆದರೆ ಗುಡ್ಡಗಳಿಗೆ ತಗುಲಿ ಮರುದನಿಗೊಂಡ ಆ ಕೂಗು ಎಲ್ಲ ಕಡೆಗಳಿಂದಲೂ ಬಂದಂತಾಯಿತು. ತಂಗಿ ಕೈಹಿಡಿದು, "ಅಣ್ಣಾ, ದಾರಿ ಗೊತ್ತಲ್ಲ?" ಎಂದಳು. "ಗೊತ್ತು, ಬಾ" ಎಂದೆ. ಅದು ಸುಳ್ಳು. ತುಸು ಹೊತ್ತಿನ ಮೇಲೆ ನಾವು ಆಗಲೇ ಕಂಡಿದ್ದ ಒಂದು ಸೀಳುಬಂಡೆ ಮತ್ತೆ ಎದುರಾಯಿತು. ಇನ್ನಷ್ಟು ನಡೆದ ಮೇಲೆ ಮೂರನೆಯ ಬಾರಿ ಅದೇ ಬಂಡೆ! ತಂಗಿ ಏನೂ ಕೇಳಲಿಲ್ಲ. ಅವಳ ಕೈ ಮಾತ್ರ ನನ್ನ ಕೈಯಲ್ಲಿ ತಣ್ಣಗಾಗಿತ್ತು.

ಆಗ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದ ಮುದುಕನೊಬ್ಬ ಕುರಿಗಳೊಂದಿಗೆ ಬಂದ. ನಾನು ಊರಿನ ಹೆಸರು ಹೇಳಿ ದಾರಿ ಕೇಳಿದೆ. ಆತ ದಾರಿ ಹೇಳಲಿಲ್ಲ. "ಈಗ ಯಾವ ಕಡೆಗೆ ಮುಖ ಮಾಡಿ ನಿಂತಿದೀಯಪ್ಪಾ, ಅದು ಹೇಳು ಮೊದಲು" ಎಂದ. ನಾನು "ಮೂಡಲಿಗೆ" ಎಂದೆ. ಮುದುಕ ನಕ್ಕ. "ಮಳೆಗಾಲದಾಗೆ ಗಾಳಿ ಎಲ್ಲಿಂದ ಬರ್ತದೆ? ಪಡುವಲಿಂದ. ನಿನ್ನ ಮುಖಕ್ಕೆ ಗಾಳಿ ಬಡೀತಾ ಐತೆ. ಅಂದಮ್ಯಾಲೆ ನೀನು ಬಂದ ಕಡೀಗೇ ಹೊಂಟಿದೀಯ. ಕೊರಕಲಿನಾಗೆ ಗಾಳಿ ತಿರುಗ್ತದೆ, ಅದನ್ನ ನಂಬಬ್ಯಾಡ. ಬಯಲಾಗೆ ನಿಂತು ನೋಡು. ಬೆನ್ನಿಗೆ ಗಾಳಿ ಹಾಕ್ಕೊಂಡು ನಡೀರಿ, ಊರು ಸಿಗ್ತದೆ" ಎಂದ. ಹಾಗೆ ಹೇಳಿ, ಕತ್ತಲಾಗುತ್ತಿದೆಯೆಂದು ಗುಡ್ಡದ ಇಳಿಜಾರಿನವರೆಗೆ ತಾನೂ ನಮ್ಮ ಜೊತೆಗೆ ಬಂದ. ದೀಪ ಹಚ್ಚುವ ಹೊತ್ತಿಗೆ ನಾವು ಮನೆ ಸೇರಿದೆವು. ಸಂಗತಿಯನ್ನು ಕೇಳಿದ ಅಮ್ಮ ನನ್ನನ್ನು ಬಯ್ಯಲಿಲ್ಲ. "ದಿಕ್ಕಿಲ್ಲದ ಜಾಗದಲ್ಲಿ ಆ ಪುಣ್ಯಾತ್ಮ ದಿಕ್ಕಾದ" ಎಂದಷ್ಟೇ ಹೇಳಿದಳು.

ಕಾಲ ಕಳೆಯಿತು, ನಾನು ಉಪಾಧ್ಯಾಯನಾದೆ. ಒಂದು ದಿನ ಇಂಗ್ಲಿಷ್ ಮೇಷ್ಟರು ರಜೆಯಲ್ಲಿದ್ದುದರಿಂದ ಅವರ ತರಗತಿಗೆ ನಾನು ಹೋಗಿದ್ದೆ. ಹುಡುಗನೊಬ್ಬ ಎದ್ದು ನಿಂತು, "ಸಾರ್, 'ಓರಿಯಂಟ್' ಎಂಬ ಪದಕ್ಕೆ ನಿಘಂಟಿನಲ್ಲಿ ಎರಡು ಅರ್ಥಗಳಿವೆ. ಒಂದು, ಪೂರ್ವ ದೇಶಗಳು. ಇನ್ನೊಂದು, ತಾನು ಎಲ್ಲಿದ್ದೇನೆಂದು ಗೊತ್ತುಮಾಡಿಕೊಳ್ಳುವುದು. ಒಂದೇ ಪದಕ್ಕೆ ಇಷ್ಟು ಬೇರೆ ಬೇರೆ ಅರ್ಥಗಳು ಹೇಗೆ ಬಂದವು?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಏನಾದರೊಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ ಆ ಸೀಳುಬಂಡೆ ನೆನಪಾಯಿತು. "ಗೊತ್ತಿಲ್ಲ, ನೋಡಿಕೊಂಡು ಬಂದು ಹೇಳುತ್ತೇನೆ" ಎಂದೆ.

ಆ ಹುಡುಕಾಟದಲ್ಲಿ ನನಗೆ ದೊರೆತ ಸಂಗತಿಗಳು ಹೀಗಿವೆ. ಲ್ಯಾಟಿನ್ ಭಾಷೆಯಲ್ಲಿ 'ಏಳು, ಮೂಡು' ಎಂಬ ಅರ್ಥದ ಧಾತುವೊಂದಿದೆ. ಅದರಿಂದ ಸೂರ್ಯನು ಮೂಡುವ ದಿಕ್ಕಿಗೆ 'ಓರಿಯಂಟ್' ಎಂಬ ಹೆಸರು ಬಂದಿತು. 'ಕೆಳಗೆ ಬೀಳು' ಎಂಬ ಅರ್ಥದ ಮತ್ತೊಂದು ಧಾತುವಿನಿಂದ ಸೂರ್ಯನು ಮುಳುಗುವ ದಿಕ್ಕು 'ಆಕ್ಸಿಡೆಂಟ್' ಎನಿಸಿತು; ಇದು ಅಪಘಾತವೆಂಬ ಅರ್ಥದ 'ಆಕ್ಸಿಡೆಂಟ್' ಅಲ್ಲ, ಇಂಗ್ಲಿಷಿನಲ್ಲಿ ಇವೆರಡರ ಕಾಗುಣಿತ ಬೇರೆ. ಇನ್ನು ನಮ್ಮ ಮಾತನ್ನು ನೋಡಿ. ಸೂರ್ಯನು ಮೂಡುವ ಕಡೆ ಮೂಡಣ. ಪಡುವ, ಎಂದರೆ ಅಸ್ತಮಿಸುವ, ಕಡೆ ಪಡುವಣ. ಸಾವಿರಾರು ಮೈಲಿಗಳ ದೂರದಲ್ಲಿದ್ದು, ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ಒಂದೇ ಸೂರ್ಯನನ್ನು ನೋಡಿ ಒಂದೇ ಬಗೆಯಲ್ಲಿ ಹೆಸರಿಟ್ಟಿವೆ! ಮೂಡಬಿದಿರೆ, ಪಡುಬಿದ್ರೆ ಎಂಬ ಊರುಗಳಲ್ಲಿಯೂ, ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳಲ್ಲಿಯೂ ನಮ್ಮ ಹಳೆಯ ದಿಕ್ಕುಗಳ ಹೆಸರುಗಳು ಇಂದಿಗೂ ಬಾಳುತ್ತಿವೆ. ಹೊಲ ಮನೆಗಳ ಪತ್ರಗಳಲ್ಲಿ ನಾಲ್ಕು ದಿಕ್ಕುಗಳನ್ನು ಹೇಳಿ ಚಕ್ಕುಬಂದಿ ಬರೆಯುವುದನ್ನು ನೀವು ನೋಡಿರಬಹುದು.

ಸಂಸ್ಕೃತದ ಹೆಸರುಗಳಂತೂ ಇನ್ನೂ ಸ್ವಾರಸ್ಯವಾಗಿವೆ. 'ಪೂರ್ವ' ಎಂದರೆ ಮುಂದಿನದು, 'ಪಶ್ಚಿಮ' ಎಂದರೆ ಹಿಂದಿನದು, 'ದಕ್ಷಿಣ' ಎಂದರೆ ಬಲಗಡೆಯದು. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದರಿಂದಲೇ ಅದು ಪ್ರದಕ್ಷಿಣೆ. ಉದಯಸೂರ್ಯನಿಗೆ ಮುಖಮಾಡಿ ನಿಂತವನಿಗೆ ಮಾತ್ರ ಈ ಹೆಸರುಗಳು ಸರಿಹೊಂದುತ್ತವೆ. ಹೀಗೆ ಮೊದಲು ಮೂಡಣಕ್ಕೆ ಮುಖಮಾಡಿ ನಿಂತು, ಉಳಿದ ದಿಕ್ಕುಗಳನ್ನು ಆಮೇಲೆ ಗೊತ್ತುಮಾಡಿಕೊಳ್ಳುವುದು ಹಲವು ಜನಾಂಗಗಳ ಪದ್ಧತಿಯಾಗಿತ್ತು. ಯೂರೋಪಿನ ಹಳೆಯ ಅನೇಕ ಭೂಪಟಗಳಲ್ಲಿ ಮೇಲುಭಾಗದಲ್ಲಿರುವುದು ಉತ್ತರವಲ್ಲ, ಪೂರ್ವ. ಇಂಗ್ಲೆಂಡಿನ ಹೆರಿಫರ್ಡ್ ಇಗರ್ಜಿಯಲ್ಲಿರುವ, ಸುಮಾರು 1300ರ ಕಾಲದ ದೊಡ್ಡ ಭೂಪಟವೂ ಅಂತಹುದೇ. ಅಲ್ಲಿಯ ಇಗರ್ಜಿಗಳನ್ನು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿ ಕಟ್ಟುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ 'ಓರಿಯಂಟ್' ಎಂಬ ಕ್ರಿಯಾಪದದ ಮೊದಲ ಅರ್ಥ 'ಪೂರ್ವಾಭಿಮುಖವಾಗಿ ನಿಲ್ಲಿಸು' ಎಂದು. ಕ್ರಮೇಣ ಅದು 'ದಿಕ್ಕನ್ನು ಗೊತ್ತುಮಾಡು' ಎಂದಾಯಿತು; ಬಳಿಕ 'ತನ್ನ ಸ್ಥಿತಿಯನ್ನು ಅರಿತುಕೊಳ್ಳು' ಎಂದೂ ಬೆಳೆಯಿತು. ಹುಡುಗನ ಪ್ರಶ್ನೆಗೆ ಉತ್ತರ ಇದೇ.

ಈ ಪದದ ಬಳಕೆಯನ್ನೂ ಗಮನಿಸಬೇಕು. 'ಭೂಪಟವನ್ನು ಓರಿಯಂಟ್ ಮಾಡು' ಎಂದರೆ ಪಟದ ಉತ್ತರವು ನೆಲದ ಉತ್ತರಕ್ಕೆ ಸರಿಹೊಂದುವಂತೆ ಅದನ್ನು ತಿರುಗಿಸು ಎಂದರ್ಥ. 'ಓರಿಯಂಟ್ ಯುವರ್‌ಸೆಲ್ಫ್' ಎಂದರೆ ನೀನು ಎಲ್ಲಿದ್ದೀಯೆ, ಯಾವ ಕಡೆಗೆ ತಿರುಗಿದ್ದೀಯೆ ಎಂಬುದನ್ನು ನೀನೇ ಗೊತ್ತುಮಾಡಿಕೋ ಎಂದರ್ಥ. ಕಾಲೇಜುಗಳಲ್ಲಿ ಹೊಸಬರಿಗೆ ನಡೆಸುವ 'ಓರಿಯಂಟೇಷನ್' ಕಾರ್ಯಕ್ರಮದ ಉದ್ದೇಶವೂ ಅದೇ. ಇದನ್ನು 'ನ್ಯಾವಿಗೇಟ್' ಎಂಬ ಪದದೊಡನೆ ಬೆರೆಸಬಾರದು. ಲ್ಯಾಟಿನ್ನಿನಲ್ಲಿ ಹಡಗು ಎಂಬ ಪದವೂ ನಡೆಸು ಎಂಬ ಪದವೂ ಸೇರಿ ಅದು ಹುಟ್ಟಿದೆ. ಆ ಹಡಗಿನ ಪದಕ್ಕೂ ನಮ್ಮ 'ನಾವೆ', 'ನಾವಿಕ'ಗಳಿಗೂ ಮೂಲ ಒಂದೇ. ಇಸ್ರೋ ಸಂಸ್ಥೆಯು ರೂಪಿಸಿದ, ಉಪಗ್ರಹಗಳ ನೆರವಿನಿಂದ ದಾರಿ ತೋರುವ ವ್ಯವಸ್ಥೆಗೆ 2016ರಲ್ಲಿ 'ನಾವಿಕ್' ಎಂದೇ ಹೆಸರಿಡಲಾಯಿತು. ಗುರಿಯ ಕಡೆಗೆ ಸಾಗುವುದು ನ್ಯಾವಿಗೇಟ್. ಸಾಗುವ ಮುನ್ನ ನಿಂತ ನೆಲವನ್ನು ತಿಳಿಯುವುದು ಓರಿಯಂಟ್. ನಾನು ಗುಡ್ಡದಲ್ಲಿ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾಡಹೊರಟಿದ್ದೆ. ಆದ್ದರಿಂದಲೇ ಬಂಡೆಯನ್ನು ಮೂರು ಬಾರಿ ಕಂಡೆ.

ನಿಂತ ನೆಲವನ್ನು ತಿಳಿಯಲು ಎಚ್ಚರವೂ ಬೇಕು. ಸೂರ್ಯನು ಪೂರ್ವದಲ್ಲಿ ಹುಟ್ಟುವನೆಂದು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ನೇರ ಪೂರ್ವದಲ್ಲಿ ಅವನು ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ವಿಷುವದ ದಿನಗಳಲ್ಲಿ ಮಾತ್ರ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ಕೊನೆಗೆ ಅವನು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೂ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೂ ಸರಿದು ಮೂಡುತ್ತಾನೆ. ನಡುಹಗಲಿನ ನೆರಳು ಉತ್ತರಕ್ಕೆ ಬೀಳುವುದೆಂಬ ಮಾತೂ ವರ್ಷವಿಡೀ ನಿಜವಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಅದು ದಕ್ಷಿಣಕ್ಕೆ ಬೀಳುತ್ತದೆ. ಧ್ರುವನಕ್ಷತ್ರವು ಇಲ್ಲಿ ಬಾನಂಚಿನಿಂದ ಸುಮಾರು 14 ಡಿಗ್ರಿ ಎತ್ತರದಲ್ಲಿರುತ್ತದೆ. ತೋಳನ್ನು ಚಾಚಿ ಹಿಡಿದರೆ ಒಂದೂವರೆ ಮುಷ್ಟಿಯಷ್ಟು ಮೇಲೆ. ಬಡಗಣಕ್ಕೆ ಗುಡ್ಡವೊಂದು ಅಡ್ಡವಿದ್ದರೆ ಅದು ಕಾಣುವುದೇ ಇಲ್ಲ. ಆದ್ದರಿಂದ ಒಂದೇ ಗುರುತನ್ನು ನಂಬಬಾರದು. ಕುರಿಗಾಹಿ ಗಾಳಿಯನ್ನು ನಂಬಿದ, ಆದರೆ ಕೊರಕಲಿನ ಗಾಳಿಯನ್ನು ನಂಬಲಿಲ್ಲ.

ಈ ವಿದ್ಯೆ ಮನುಷ್ಯನೊಬ್ಬನ ಸ್ವತ್ತಲ್ಲ. ಜೇನ್ನೊಣವು ಹೂವಿರುವ ತಾಣವನ್ನು ಕಂಡು ಗೂಡಿಗೆ ಮರಳಿ, ಎರಿಯ ಮೇಲೆ ಕುಣಿದು ಆ ದಿಕ್ಕನ್ನು ಸಂಗಾತಿಗಳಿಗೆ ತಿಳಿಸುತ್ತದೆ. ಸೂರ್ಯನ ದಿಕ್ಕಿಗೂ ಹೂವಿನ ದಿಕ್ಕಿಗೂ ಇರುವ ಕೋನವನ್ನು, ಎರಿಯ ಮೇಲ್ಮುಖ ಗೆರೆಗೂ ತನ್ನ ಕುಣಿತದ ಗೆರೆಗೂ ನಡುವಣ ಕೋನವಾಗಿ ಅದು ತೋರಿಸುತ್ತದೆ. ಇದನ್ನು ಬಿಡಿಸಿ ಹೇಳಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. ಅವರು 1973ರ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲಿ ಒಬ್ಬರು. ತಾನು ಕಂಡ ದಾರಿಯನ್ನು ತನ್ನವರಿಗೆ ಹೇಳುವುದನ್ನು ಆ ಪುಟ್ಟ ಕೀಟವೂ ಮರೆಯುವುದಿಲ್ಲ.

ಇಂದು ಕೈಯಲ್ಲಿರುವ ದೂರವಾಣಿಯೇ ಭೂಪಟವನ್ನು ತೋರಿಸಿ, ನಾವು ನಿಂತ ಸ್ಥಳವನ್ನು ಚುಕ್ಕೆಯಿಟ್ಟು ಗುರುತಿಸುತ್ತದೆ. ಅದು ಬಹು ಉಪಕಾರಿಯಾದುದು. ಆದರೆ ಪರೀಕ್ಷೆಯಲ್ಲಿ ಅನುತ್ತೀರ್ಣನಾದಾಗ, ಗೆಳೆಯರು ದೂರವಾದಾಗ, ಮುಂದೇನು ಓದಬೇಕೆಂದು ತೋಚದಿದ್ದಾಗ ನಾವು ಎಲ್ಲಿ ನಿಂತಿದ್ದೇವೆಂದು ತೋರಿಸುವ ಚುಕ್ಕೆ ಯಾವ ಪಟದಲ್ಲಿಯೂ ಇಲ್ಲ. ಆಗ ಓಡಬಾರದು, ನಿಲ್ಲಬೇಕು. ನನಗೆ ಏನು ಬರುತ್ತದೆ, ಏನು ಬರುವುದಿಲ್ಲ, ಯಾವ ಕಡೆಗೆ ಮುಖಮಾಡಿದ್ದೇನೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಉತ್ತರ ದೊರೆಯದಿದ್ದರೆ "ಗೊತ್ತಿಲ್ಲ" ಎಂದು ಇನ್ನೊಬ್ಬರ ಮುಂದೆ ಹೇಳಲು ನಾಚಬಾರದು.

ಏಕೆಂದರೆ ಕನ್ನಡದ 'ದಿಕ್ಕು' ಎಂಬ ಪದದಲ್ಲಿ ಇಂಗ್ಲಿಷಿನ ಕ್ರಿಯಾಪದದಲ್ಲಿಲ್ಲದ ಒಂದು ಅರ್ಥವಿದೆ. ದಿಕ್ಕು ತಪ್ಪುವುದು, ದಿಕ್ಕುಗೆಡುವುದು ಎಂಬಲ್ಲಿ ಅದು ಕಡೆಯನ್ನು ಸೂಚಿಸುತ್ತದೆ. ದಿಕ್ಕಿಲ್ಲದವರು, ದೇವರೇ ದಿಕ್ಕು ಎಂಬಲ್ಲಿ ಆಸರೆಯನ್ನು ಸೂಚಿಸುತ್ತದೆ. ದಾರಿಯೂ ಆಸರೆಯೂ ನಮ್ಮ ಹಿರಿಯರಿಗೆ ಒಂದೇ ಆಗಿ ಕಂಡಿರಬೇಕು. ಅಂದು ಮುದುಕ ದಿಕ್ಕನ್ನು ತೋರಿಸಿ ಅಲ್ಲಿಯೇ ನಿಂತುಬಿಡಬಹುದಿತ್ತು. ಅವನು ಕುರಿಗಳನ್ನು ಹೊಡೆದುಕೊಂಡು ಇಳಿಜಾರಿನವರೆಗೂ ನಮ್ಮ ಜೊತೆಗೆ ಬಂದ. ಅವನ ಹೆಸರನ್ನು ಕೇಳಬೇಕೆಂದು ನನಗೆ ಆಗ ತೋಚಲಿಲ್ಲ. ಅಮ್ಮನ ಮಾತಿನ ಅರ್ಥ ಪೂರ್ತಿಯಾಗಿ ತಿಳಿಯುವ ಹೊತ್ತಿಗೆ ನನ್ನ ತಲೆ ನರೆತಿತ್ತು.